ಮಂಡ್ಯದ ಬೋರ್ಡ್ ಇಲ್ಲದ ಅಂಗಡಿ ಮತ್ತು ನನ್ನ ಸೆಕೆಂಡ್ ಹ್ಯಾಂಡ್ ಪ್ರೆಶರ್ ವಾಷರ್

ಈ ಅಂಗಡಿಗೆ ಬೋರ್ಡ್ ಇಲ್ಲ, ಹಾಗಾಗಿ ಹೆಸರು ಕೇಳಬೇಡಿ. ಮಂಡ್ಯದಲ್ಲಿ ಗುತ್ತಲು ರಸ್ತೆ ಹಿಡಿದು ಹೋದರೆ ಒಂದು ತಗಡಿನ ಶೆಡ್ ಸಿಗುತ್ತದೆ. ಹೊರಗೆ ಬಿಚ್ಚಿ ಹಾಕಿದ ಸಬ್‌ಮರ್ಸಿಬಲ್ ಮೋಟಾರುಗಳು, ಗದ್ದೆಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರುಗಳು, ಸೀಟು ಕಿತ್ತುಹೋದ ಒಂದು ಹಳೇ ಮೊಪೆಡ್ಡು ಬಿದ್ದಿರುತ್ತವೆ. ಅದೇ ಅಂಗಡಿ. ಫೋನ್ ನಂಬರ್ ಕೊಡುವುದಿಲ್ಲ, ಕೊಟ್ಟರೂ ಅವರು ಎತ್ತುವುದಿಲ್ಲ. ನಾಲ್ಕು ತಿಂಗಳ ಹಿಂದೆ ಇಲ್ಲಿ ನನ್ನ ಪ್ರೆಶರ್ ವಾಷರ್‌ನ, ಅಂದರೆ ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸಿ ಕೊಳೆ ತೊಳೆಯುವ ಮೆಷಿನ್ನಿನ ಪಂಪ್ ರಿಪೇರಿ ಮಾಡಿಸಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಕೆಲಸಕ್ಕೆ ಐದು ಕೊಡಬಹುದಿತ್ತು, ಆದರೆ ಆ ಮನುಷ್ಯನ "ನಾಳೆ" ಅನ್ನೋ ಮಾತಿಗೆ ಒಂದು ಕಳೆಯಲೇಬೇಕು.

ಶುರುವಾಗಿದ್ದು ಮೈಸೂರಿನಲ್ಲಿ. ಮಂಡ್ಯ ಕಡೆಯ ನಮ್ಮ ಮನೆ ಹಿಂದೆ ಎರಡು ಹಸು ಇವೆ, ಮುಂದೆ ಒಂದು ಹಳೇ ಕಾರು. ಮಳೆಗಾಲ ಬಂತು ಅಂದರೆ ಕಾಂಪೌಂಡು, ತಾರಸಿ ಎಲ್ಲಾ ಪಾಚಿ. ಕೊಟ್ಟಿಗೆ ತೊಳೆದು ತೊಳೆದು ಸೊಂಟ ಬಿದ್ದುಹೋಗಿತ್ತು. ನನ್ನ ಭಾಮೈದ ಮೈಸೂರಿನ ವಿಜಯನಗರದಲ್ಲಿ ಇರುತ್ತಾನೆ. ಅವನ ಬೀದಿಯಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದರು. "ಭಾವ, ಒಂದು ಪ್ರೆಶರ್ ವಾಷರ್ ಇದೆ, ನಾಲ್ಕು ಸಾವಿರಕ್ಕೆ ಕೊಡ್ತಾರಂತೆ. ಹೊಸದು ಹನ್ನೊಂದು ಸಾವಿರ ಇದೆ" ಅಂದ. ಭಾನುವಾರ ಹೋಗಿ ನೋಡಿದೆ. ಮೇಲೆ ಫಳಫಳ ಅನ್ನುತ್ತಿತ್ತು. ಸ್ಟಿಕ್ಕರ್ ಮೇಲೆ 1,800 ವ್ಯಾಟ್, ಗರಿಷ್ಠ 130 ಬಾರ್, ನಿಮಿಷಕ್ಕೆ 6.5 ಲೀಟರ್ ಅಂತ ಬರೆದಿತ್ತು. ಬಾರ್ ಲೆಕ್ಕ ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಾರಿನ ಟೈರಿಗೆ ಹಾಕಿಸುವ ಗಾಳಿ ಎರಡು ಬಾರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇದು ಅದರ ಸುಮಾರು ಅರವತ್ತು ಪಟ್ಟು. ಪ್ಲಗ್ ಹಾಕಿ ಎರಡು ನಿಮಿಷ ಓಡಿಸಿ ತೋರಿಸಿದರು. ಗೇಟಿನ ಕೊಳೆ ಪಟ್ಟೆ ಪಟ್ಟೆಯಾಗಿ ಎದ್ದು ಹೋಯಿತು. ನಾನು ಅಲ್ಲೇ ಬಿದ್ದೆ. ಚೌಕಾಸಿ ಕೂಡ ಮಾಡಲಿಲ್ಲ.

ಎರಡು ನಿಮಿಷ ಓಡಿಸಿದರೆ ಯಾವ ಪಂಪೂ ತನ್ನ ಬಂಡವಾಳ ಬಿಚ್ಚುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಕನಿಷ್ಠ ಹತ್ತು ನಿಮಿಷ ಓಡಿಸಿ ನೋಡಬೇಕಿತ್ತು. ಈ ಮಾಡೆಲ್‌ನಲ್ಲಿ ಪಂಪಿನ ಪಕ್ಕ ಆಯಿಲ್ ನೋಡುವುದಕ್ಕೆ ಒಂದು ರೂಪಾಯಿ ನಾಣ್ಯದಷ್ಟು ಗಾಜು ಇರುತ್ತದೆ. ಅದರಲ್ಲಿ ಎಣ್ಣೆ ತಿಳಿಯಾಗಿ ಕಾಣಬೇಕು. ನನ್ನದರಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣ ಇತ್ತು. ಆಯಿಲ್ ಬಣ್ಣವೇ ಹಾಗೆ ಇರಬೇಕು ಅಂದುಕೊಂಡು ಸುಮ್ಮನಾದೆ. ನೋಡಿ, ನಾನು ಎಂಥಾ ಬುದ್ಧಿವಂತ.

ಮನೆಗೆ ತಂದ ಮೊದಲ ವಾರ ಹಬ್ಬ. ಕಾರು, ಬೈಕು, ಗೇಟು, ಪಕ್ಕದ ಮನೆಯವರ ಮೆಟ್ಟಿಲು ಎಲ್ಲಾ ತೊಳೆದೆ. ಎರಡನೇ ವಾರ ನೀರು ಬಿಡುವ ಗನ್ ಕೈಯಲ್ಲಿ ಅದುರೋಕೆ ಶುರುವಾಯಿತು. ನೀರು ಒಂದೇ ಸಮ ಬರುತ್ತಿರಲಿಲ್ಲ. ಒಂದು ಕ್ಷಣ ಜೋರು, ಒಂದು ಕ್ಷಣ ಮೆತ್ತಗೆ, ಪೈಪು ಹಾವಿನ ಹಾಗೆ ಒದ್ದಾಡುತ್ತಿತ್ತು. ಆಮೇಲೆ ಮೆಷಿನ್ ಕೆಳಗೆ ನೀರು ತೊಟ್ಟಿಕ್ಕೋಕೆ ಶುರು. ಮೊದಲು ಹನಿ, ಆಮೇಲೆ ಧಾರೆ. ಪಾಚಿ ಎದ್ದು ಬರುವುದು ನಿಂತೇಹೋಯಿತು. "ಪೊರಕೇಲೇ ಚೆನ್ನಾಗ್ ಹೋಯ್ತಿತ್ತಲ್ಲ ಮಗ" ಅಂತ ಅವ್ವ ಅಂದಾಗ ನನಗೆ ಸಿಟ್ಟು ಬಂದಿದ್ದು ನಿಜ.

ಕಂಪನಿಯ ಸರ್ವಿಸ್ ನಂಬರಿಗೆ ಫೋನ್ ಮಾಡಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಬಹುಶಃ ಎಲ್ಲರದೂ ಒಂದೇ ಉತ್ತರ. ಪಂಪಿನ ಬಿಡಿ ಭಾಗ ಕೊಡುವುದಿಲ್ಲವಂತೆ, ಇಡೀ ಪಂಪ್ ಹಾಕಿಸಬೇಕಂತೆ, 6,500 ರೂಪಾಯಿ ಆಗುತ್ತದಂತೆ. ನಾಲ್ಕು ಸಾವಿರದ ಮೆಷಿನ್ನಿಗೆ ಆರೂವರೆ ಸಾವಿರದ ಪಂಪ್! ಮೂಗಿಗಿಂತ ಮೂಗುತಿ ಭಾರ ಅಂದುಕೊಂಡು ಫೋನ್ ಇಟ್ಟೆ.

ಭಾಮೈದನೇ ಮೈಸೂರಿನಲ್ಲಿ ಒಂದು ಅಂಗಡಿ ಹುಡುಕಿಕೊಟ್ಟ. ಅಲ್ಲಿ ಬೋರ್ಡ್ ಇತ್ತು, ಎಸಿ ಇತ್ತು, ಪ್ರಿಂಟೆಡ್ ಬಿಲ್ ಇತ್ತು. ಬೆಳಿಗ್ಗೆ ಕೊಟ್ಟರೆ ಸಂಜೆ ಕೊಟ್ಟರು. "ಸೀಲ್ ಹೋಗಿತ್ತು ಸಾರ್, ಹೊಸದು ಹಾಕಿದೀವಿ" ಅಂದರು. ಸೀಲ್ ಅಂದರೆ ಸೋರದ ಹಾಗೆ ತಡೆಯುವ ರಬ್ಬರ್ ಬಳೆ. 1,200 ರೂಪಾಯಿ. ಮನೆಯಲ್ಲಿ ಹಾಕಿದರೆ ಹೊಸ ಮೆಷಿನ್ ಥರ ಓಡಿತು. ಮೂರೇ ವಾರ. ಮತ್ತೆ ಅದೇ ಜಾಗದಲ್ಲಿ ಅದೇ ಹನಿ. ಫೋನ್ ಮಾಡಿದರೆ "ಸೀಲ್‌ಗೆ ಗ್ಯಾರಂಟಿ ಬರಲ್ಲ ಸಾರ್, ನೀವು ಹೇಗೆ ಯೂಸ್ ಮಾಡ್ತೀರೋ" ಅಂದರು. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಅರ್ಧವನ್ನು ದುಡ್ಡು ತೆಗೆದುಕೊಳ್ಳುವಾಗಲೇ ಹೇಳಬಹುದಿತ್ತು ಅಲ್ವಾ?

ಅಷ್ಟರಲ್ಲಿ ಮೆಷಿನ್ನನ್ನು ಗುಜರಿಗೆ ಹಾಕುವ ಯೋಚನೆ ಬಂದಿತ್ತು. ನಾನು ಕಾರು ತೊಳೆಸುತ್ತಿದ್ದ ವಾಟರ್ ಸರ್ವಿಸ್‌ನವನು ತಡೆದ. ಅವನ ಹತ್ತಿರ ಬೆಲ್ಟಿನಲ್ಲಿ ಓಡುವ ದೊಡ್ಡ ಮೂರು ಪಿಸ್ಟನ್ ಪಂಪ್ ಇದೆ, ದಿನಕ್ಕೆ ಎಂಟು ಗಂಟೆ ಓಡುತ್ತದೆ. "ನಂದು ಹೋದ್ರೆ ನಾನು ಮೈಸೂರಿಗೆ ಹೋಗಲ್ಲ ಅಣ್ಣ, ಗುತ್ತಲು ರೋಡಲ್ಲಿ ಮೇಸ್ತ್ರಿ ಅವ್ರೆ, ಅವರ ಹತ್ರ ಹಾಕು" ಅಂದ. ಸ್ಪ್ರೇಯರ್ ಮೇಸ್ತ್ರಿಗೆ ಇದು ಹೇಗೆ ಗೊತ್ತಾಗುತ್ತದೆ ಅನ್ನೋದು ನನ್ನ ಅನುಮಾನ. ಸುಮ್ನೆ ಅನುಮಾನ ಪಟ್ಟೆ. ಕಬ್ಬಿಗೂ ಭತ್ತಕ್ಕೂ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಒಳಗೂ ಮೂರು ಪ್ಲಂಜರ್ (ನೀರನ್ನು ಒತ್ತುವ ಸರಳು), ಸೀಲು, ವಾಲ್ವುಗಳೇ ಇರುವುದು. ಒತ್ತಡ ಕಮ್ಮಿ, ಮೈಕಟ್ಟು ದೊಡ್ಡದು, ಅಷ್ಟೇ ವ್ಯತ್ಯಾಸ. ನಮ್ಮ ಜಿಲ್ಲೆಯಲ್ಲಿ ಅಂಥ ಪಂಪುಗಳಿಗೆ ಬರವಿಲ್ಲ. ಮಣ್ಣು ನೀರು, ನಾಲೆ ನೀರು, ಔಷಧಿಯ ಗಸಿ ಎಲ್ಲಾ ಕುಡಿದು ಕೆಟ್ಟ ಪಂಪುಗಳನ್ನು ಮೂವತ್ತು ವರ್ಷದಿಂದ ಬಿಚ್ಚಿದ ಕೈ ಅದು.

ಮೇಸ್ತ್ರಿಗೆ ಐವತ್ತೈದು ದಾಟಿರಬಹುದು. ಮೆಷಿನ್ ಇಳಿಸಿದೆ. ಅವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೊದಲ ಪ್ರಶ್ನೆ: "ನೀರು ಎಲ್ಲಿಂದ ಕೊಟ್ಟಿರಿ?"

ತಾರಸಿ ಟ್ಯಾಂಕಿನಿಂದ ಬರುವ ನಲ್ಲಿಗೆ ಅರ್ಧ ಇಂಚಿನ ಹಸಿರು ಪೈಪು ಹಾಕಿದ್ದೇನೆ ಅಂದೆ. ಎಷ್ಟು ಉದ್ದ ಅಂದರು. ಹದಿನೈದು ಮೀಟರ್ ಇರಬಹುದು ಅಂದೆ. "ಇವತ್ತು ಮನೆಗೆ ಹೋಗಿ ಆ ಪೈಪಲ್ಲಿ ಇಪ್ಪತ್ತು ಲೀಟರ್ ಬಕೆಟ್ ತುಂಬ್ಸಿ ಸಾ. ಎಷ್ಟೊತ್ತು ಆಯ್ತದೆ ನೋಡ್ಕಂಡ್ ಬನ್ನಿ. ಆಮೇಲೆ ಬಿಚ್ಚುವ" ಅಂದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಪಂಪ್ ರಿಪೇರಿಗೆ ಬಂದವನಿಗೆ ಬಕೆಟ್ ತುಂಬಿಸು ಅನ್ನುತ್ತಾರಲ್ಲ ಅಂತ. ಆದರೂ ಮಾಡಿದೆ. ನಾಲ್ಕೂವರೆ ನಿಮಿಷ ಬೇಕಾಯಿತು. ಲೆಕ್ಕ ಹಾಕಿ. ಇಪ್ಪತ್ತು ಲೀಟರ್, ನಾಲ್ಕೂವರೆ ನಿಮಿಷ, ಅಂದರೆ ನಿಮಿಷಕ್ಕೆ ನಾಲ್ಕೂವರೆ ಲೀಟರ್ ಕೂಡ ಇಲ್ಲ. ಪಂಪಿಗೆ ಬೇಕಾಗಿದ್ದು ಆರೂವರೆ. ಎರಡು ರೊಟ್ಟಿ ತಿನ್ನುವವನಿಗೆ ಒಂದೂವರೆ ರೊಟ್ಟಿಯೂ ಕೊಡದೆ ಗದ್ದೆ ಉಳಲು ಕಳಿಸಿದ ಹಾಗೆ. ಮನೆ ತಾರಸಿ ಟ್ಯಾಂಕು ನಲ್ಲಿಗಿಂತ ಐದಾರು ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಅರ್ಧ ಬಾರ್ ಆಸುಪಾಸು ಮಾತ್ರ. ಉದ್ದ ಪೈಪು, ಮಧ್ಯೆ ಒಂದು ಮಡಚು, ಹಳೇ ನಲ್ಲಿ, ಎಲ್ಲಾ ಸೇರಿ ಅದನ್ನೂ ತಿಂದುಬಿಡುತ್ತವೆ.

ನೀರು ಸಾಲದಿದ್ದರೆ ಏನಾಗುತ್ತದೆ ಅಂತ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಪಂಪ್ ಎಳೆಯೋದು ಬಿಡುವುದಿಲ್ಲ. ಎಳೆದಾಗ ನೀರಿಲ್ಲ ಅಂದರೆ ಒಳಗೆ ಗುಳ್ಳೆ ಏಳುತ್ತವೆ. ಮರುಕ್ಷಣ ಒತ್ತಡ ಬಿದ್ದಾಗ ಆ ಗುಳ್ಳೆಗಳು ಪಟ್ ಅಂತ ಒಡೆಯುತ್ತವೆ. ಒಡೆಯುವಾಗ ಪಕ್ಕದ ಲೋಹವನ್ನು ಕಚ್ಚಿ ಕಚ್ಚಿ ಗುಳಿ ಮಾಡುತ್ತವೆ. ಇದಕ್ಕೆ ಕ್ಯಾವಿಟೇಷನ್ ಅಂತ ಹೆಸರು, ದೊಡ್ಡ ಹಡಗಿನ ಫ್ಯಾನ್‌ಗೂ ಇದೇ ಕಾಟ. ಮೇಸ್ತ್ರಿ ಬಾಯಲ್ಲಿ ಆ ಹೆಸರು ಬರಲಿಲ್ಲ. "ಪಂಪು ಗಾಳಿ ಕಚ್ಚತದೆ, ಆಮೇಲೆ ಗಾಳಿ ಪಂಪನ್ನ ಕಚ್ಚತದೆ" ಅಂದರು. ನನಗೆ ಅದೇ ಚೆನ್ನಾಗಿ ಅರ್ಥವಾಯಿತು.

ಎರಡನೇ ಪ್ರಶ್ನೆ ಇನ್ನೂ ಮಜಾ ಇತ್ತು. "ಗನ್ ಬಿಟ್ಟಾಗ ಮೋಟಾರ್ ನಿಲ್ಲತದಾ?" ಇಲ್ಲ, ಓಡುತ್ತಲೇ ಇರುತ್ತದೆ ಅಂದೆ. ಅವರು ನಕ್ಕರು. ಇಂಥ ಮೆಷಿನ್ನಿನಲ್ಲಿ ಟ್ರಿಗರ್ ಬಿಟ್ಟ ತಕ್ಷಣ ಒಳಗಿನ ಒಂದು ಚಿಕ್ಕ ಸ್ವಿಚ್ ಮೋಟಾರನ್ನು ನಿಲ್ಲಿಸಬೇಕು. ನನ್ನದರಲ್ಲಿ ಆ ಸ್ವಿಚ್ ಅಂಟಿಕೊಂಡು ಕೂತಿತ್ತು. ಟ್ರಿಗರ್ ಬಿಟ್ಟರೂ ಪಂಪ್ ಓಡುತ್ತದೆ, ನೀರು ಹೊರಗೆ ಹೋಗಲು ದಾರಿ ಇಲ್ಲ, ಬೈಪಾಸ್ ಅನ್ನೋ ಒಳದಾರಿಯಲ್ಲಿ ಅದೇ ಒಂದು ಲೋಟ ನೀರು ಸುತ್ತುತ್ತಾ ಇರುತ್ತದೆ. ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಕೆಲವೇ ನಿಮಿಷದಲ್ಲಿ ಕೈ ಇಡೋಕಾಗದಷ್ಟು. ಒಳಗಿನ ರಬ್ಬರ್ ಸೀಲುಗಳು ಆ ಬಿಸಿಗೆ ಬೆಂದು ಗಟ್ಟಿಯಾಗಿ ಬಿರುಕು ಬಿಡುತ್ತವೆ. ನಾನಂತೂ ಗನ್ ಕೆಳಗಿಟ್ಟು ಕಾರಿಗೆ ಸೋಪು ಉಜ್ಜಿ, ಹೆಂಡತಿ ಕೊಟ್ಟ ಕಾಫಿ ಕುಡಿದು, ಆಮೇಲೆ ಗನ್ ಎತ್ತುತ್ತಿದ್ದೆ. ಅಷ್ಟೂ ಹೊತ್ತು ಮೋಟಾರ್ ಓಡುತ್ತಿತ್ತು. ಹಿಂದಿನ ಮಾಲೀಕರೂ ಹಾಗೇ ಮಾಡಿರಬೇಕು.

ಇನ್ನು ಬಿಚ್ಚಿದ್ದು. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ, ಅವರು ಬೇಡ ಅನ್ನಲಿಲ್ಲ. ಎಸಿ ಅಂಗಡಿಯಲ್ಲಿ ನನ್ನನ್ನು ಗಾಜಿನ ಈಚೆಗೆ ಕೂರಿಸಿದ್ದರು. ಆಯಿಲ್ ಮೊದಲು ತೆಗೆದರು. ಕಾಫಿ ಬಣ್ಣದ ಲೋಳೆ ಬಂತು. "ಇದ ನೋಡಿ ತಗೋಬೇಕಿತ್ತು ಸಾ" ಅಂದರು. ನೀರು ಆಯಿಲ್ ಸೀಲ್ ದಾಟಿ ಒಳಗೆ ಹೋಗಿದೆ ಅಂತ ಅರ್ಥ. ಹಾಗೇ ಬಿಟ್ಟಿದ್ದರೆ ಬೇರಿಂಗ್ ತುಕ್ಕು ಹಿಡಿದು ಇಡೀ ಪಂಪ್ ಜಾಮ್ ಆಗುತ್ತಿತ್ತು. ಆಮೇಲೆ ಹೆಡ್ಡಿನ, ಅಂದರೆ ಪಂಪಿನ ತಲೆ ಭಾಗದ ಬೋಲ್ಟುಗಳು. ಎದುರು ಬದುರು ಮೂಲೆಯಲ್ಲಿ ಒಂದೊಂದೇ ಸುತ್ತು ಸಡಿಲ ಮಾಡಿದರು, ಒಂದೇ ಕಡೆ ಪೂರ್ತಿ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತದಂತೆ.

ಒಳಗಿನ ಕೆಲಸ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಮೋಟಾರಿನ ತುದಿಯಲ್ಲಿ ಒಂದು ಓರೆ ತಟ್ಟೆ. ಅದು ತಿರುಗಿದಾಗ ಮೂರು ಪ್ಲಂಜರುಗಳನ್ನು ಒಂದಾದ ಮೇಲೊಂದು ಒತ್ತುತ್ತದೆ, ಸ್ಪ್ರಿಂಗ್ ವಾಪಸ್ ತಳ್ಳುತ್ತದೆ. ಇಂಜೆಕ್ಷನ್ ಸಿರಿಂಜ್ ಇದ್ದ ಹಾಗೆ. ಪ್ರತಿ ಪ್ಲಂಜರಿಗೂ ನೀರು ಒಳಗೆ ಬಿಡುವ ಒಂದು ವಾಲ್ವ್, ಹೊರಗೆ ಬಿಡುವ ಒಂದು ವಾಲ್ವ್. ಒಟ್ಟು ಆರು. ಮೋಟಾರ್ ನಿಮಿಷಕ್ಕೆ ಸುಮಾರು 2,800 ಸುತ್ತು, ಅಂದರೆ ಒಂದೊಂದು ಪ್ಲಂಜರ್ ಸೆಕೆಂಡಿಗೆ ಸುಮಾರು ನಲವತ್ತೇಳು ಸಲ ಹೋಗಿ ಬರುತ್ತದೆ.

ಒಂದು ವಾಲ್ವಿನ ಬಾಯಲ್ಲಿ ಮರಳಿನ ಕಾಳು ಸಿಕ್ಕಿಕೊಂಡಿತ್ತು. ಜೊತೆಗೆ ಬೋರ್ ನೀರಿನ ಬಿಳಿ ಹಕ್ಕಳೆ. ಗನ್ ಅದುರುತ್ತಿದ್ದದ್ದು ಇದಕ್ಕೇ, ಮೂರರಲ್ಲಿ ಎರಡು ಪ್ಲಂಜರ್ ಮಾತ್ರ ಕೆಲಸ ಮಾಡುತ್ತಿದ್ದವು. ನೀರು ಒಳಗೆ ಬರುವ ಕಡೆ ಒಂದು ಚಿಕ್ಕ ಜಾಲರಿ ಇರಬೇಕಿತ್ತು, ಇರಲಿಲ್ಲ. ಯಾರೋ ಪುಣ್ಯಾತ್ಮ ನೀರು ಕಮ್ಮಿ ಬರುತ್ತದೆ ಅಂತ ಕಿತ್ತು ಬಿಸಾಕಿದ್ದಾರೆ.

ಆಮೇಲೆ ಬಂತು ನೋಡಿ ಅಸಲಿ ವಿಷಯ. ಮೇಸ್ತ್ರಿ ಮೂರು ಪ್ಲಂಜರುಗಳನ್ನು ಬಟ್ಟೆಯಲ್ಲಿ ಒರೆಸಿ, ಹೆಬ್ಬೆರಳಿನ ಉಗುರನ್ನು ಅವುಗಳ ಮೇಲೆ ಉದ್ದಕ್ಕೆ ಎಳೆದರು. ಎರಡರ ಮೇಲೆ ಉಗುರು ಜಾರಿತು. ಮೂರನೆಯದರ ಮೇಲೆ ತಡೆಯಿತು. "ನೀವೂ ಎಳೀರಿ" ಅಂದರು. ಎಳೆದೆ. ಕಣ್ಣಿಗೆ ಕೂದಲೆಳೆಯಷ್ಟೂ ಕಾಣದ ಗೀರು ಉಗುರಿಗೆ ಸಿಕ್ಕಿತು. ಸೆಕೆಂಡಿಗೆ ನಲವತ್ತೇಳು ಸಲ ಆ ಗೀರು ರಬ್ಬರಿನ ಮೇಲೆ ಅರದ ಹಾಗೆ ಆಡುತ್ತದೆ. ಹೊಸ ಸೀಲ್ ಹಾಕಿದರೆ ಹೊಸ ಸೀಲನ್ನು ತಿನ್ನುತ್ತದೆ, ಅಷ್ಟೇ. ಮೈಸೂರಿನಲ್ಲಿ 1,200 ಕೊಟ್ಟು ಹಾಕಿಸಿದ ಸೀಲು ಮೂರು ವಾರಕ್ಕೆ ಹೋಗಿದ್ದು ಯಾಕೆ ಅಂತ ಆ ಉಗುರು ಹೇಳಿತು. ಪಂಪ್ ರಿಪೇರಿ ಮಾಡಿಸುವವರು ಇದೊಂದನ್ನು ನೆನಪಿಟ್ಟುಕೊಳ್ಳಿ: ಸೀಲ್ ಬದಲಾಯಿಸುವ ಮೊದಲು ಪ್ಲಂಜರ್ ಮೇಲೆ ಉಗುರು ಎಳೆದು ತೋರಿಸಿ ಅಂತ ಕೇಳಿ. ತೋರಿಸದ ಅಂಗಡಿಯಲ್ಲಿ ಮೆಷಿನ್ ಬಿಡಬೇಡಿ.

ನಾನು ಧಾರಾಳಿಯಾಗಿ ಮೂರೂ ಪ್ಲಂಜರ್ ಹೊಸದು ಹಾಕಿಬಿಡಿ ಅಂದೆ. ಅವರು ಒಪ್ಪಲಿಲ್ಲ. "ಚೆನ್ನಾಗಿರೋದನ್ನ ಯಾಕೆ ಬಿಸಾಕ್ತೀರಿ? ದುಡ್ಡು ಜಾಸ್ತಿ ಆಗದಾ?" ಅಂತ ಬೈದರು. ಪಕ್ಕದ ಲೇತ್‌ನಲ್ಲಿ ಸ್ಟೀಲ್ ಸರಳು ಕಡಿದು ಮಾಡಿಸಬಹುದಲ್ಲ ಅಂದೆ. ಅದಕ್ಕೂ ಇಲ್ಲ. ಅಳತೆ ಬರುತ್ತದೆ, ಆದರೆ ಮೇಲಿನ ನುಣುಪು, ಗಟ್ಟಿತನ ಬರುವುದಿಲ್ಲ, ಆರು ತಿಂಗಳಿಗೆ ಮತ್ತೆ ಗೀರು ಬೀಳುತ್ತದೆ ಅಂದರು. ಅದೇ ಅಳತೆಯ ಪ್ಲಂಜರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುತ್ತೇನೆ, ನಾಳೆ ಬಸ್ಸಿನಲ್ಲಿ ಬರುತ್ತದೆ ಅಂದರು. ಹೆಡ್ಡಿನಲ್ಲಿ ಗುಳ್ಳೆ ಕಚ್ಚಿದ ಗುಳಿಗಳಿದ್ದವು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಸೀಲ್ ಕೂರುವ ಜಾಗದಲ್ಲಿ ಇಲ್ಲ, ಪರವಾಗಿಲ್ಲ ಅಂದರು. ಹೆಡ್ಡು ಸೀಳಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. "ಗುಜರಿಗೆ ಹಾಕಿ ಅಂತಿದ್ದೆ. ಬಿಚ್ಚಿದ್ದಕ್ಕೆ ನೂರು ರೂಪಾಯಿ ಈಸ್ಕತಿದ್ದೆ."

ಹೊಗಳಿದ್ದು ಸಾಕು, ಇನ್ನು ಬೈಗುಳ. ನಾಳೆ ಬರುತ್ತದೆ ಅಂದ ಪ್ಲಂಜರ್ ಹನ್ನೊಂದು ದಿನಕ್ಕೆ ಬಂತು. ಹಿಂದೆ ನಮ್ಮ ಕಡೆ ದೆವ್ವದ ಕಾಟ ತಪ್ಪಿಸುವುದಕ್ಕೆ ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಈ ಶೆಡ್ಡಿನ ತಗಡಿನ ಮೇಲೂ ಅದನ್ನೇ ಬರೆಸಿದರೆ ಗಿರಾಕಿಗಳಿಗೆ ಪೆಟ್ರೋಲ್ ಉಳಿಯುತ್ತದೆ. ನಾನು ನಾಲ್ಕು ಸಲ ಹೋದೆ. ಮೊದಲ ಸಲ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಎರಡನೇ ಸಲ ಯಾರದೋ ಬೋರ್‌ವೆಲ್ ಮೋಟಾರ್ ಎತ್ತಲು ಹೋಗಿದ್ದರು. ಮೂರನೇ ಸಲ ಇದ್ದರು, ಆದರೆ ನನ್ನ ಪಂಪಿನ ಭಾಗಗಳಿದ್ದ ಡಬ್ಬಿ ಸಿಗಲಿಲ್ಲ. ಹುಡುಗ ಅದನ್ನು ಬೇರೆ ಸ್ಪ್ರೇಯರಿನ ಡಬ್ಬಿ ಕೆಳಗೆ ಇಟ್ಟಿದ್ದ, ಅರ್ಧ ಗಂಟೆ ಹುಡುಕಿದೆವು. ನನ್ನ ನಾಝಲ್ ಇನ್ನೊಬ್ಬರ ಗನ್ ತುದಿಯಲ್ಲಿತ್ತು. ನಾನು ನೋಡದೇ ಹೋಗಿದ್ದರೆ ಅದು ಮದ್ದೂರಿಗೆ ಹೋಗಿಬಿಡುತ್ತಿತ್ತು. ಹಾಗಾಗಿ ಇಲ್ಲಿ ಮೆಷಿನ್ ಕೊಡುವವರು ಗನ್ನು, ಪೈಪು, ನಾಝಲ್ ಮನೆಯಲ್ಲೇ ಬಿಟ್ಟು ಬರಿಯ ಮೆಷಿನ್ ಕೊಡಿ. ಕೊಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಕಾರು ನಿಲ್ಲಿಸಲು ಜಾಗ ಇಲ್ಲ, ಮಳೆ ಬಂದರೆ ನಿಲ್ಲಲು ನಿಮಗೂ ಜಾಗ ಇಲ್ಲ.

ಕೊನೆಗೂ ಕೂಡಿಸಿದ ದಿನ ಮಾತ್ರ ಕಣ್ಣಿಗೆ ಹಬ್ಬ. ಮೂರೂ ಕಡೆ ನೀರಿನ ಸೀಲು, ಆಯಿಲ್ ಸೀಲು ಎರಡನ್ನೂ ಹೊಸದು ಹಾಕಿದರು. ಮೈಸೂರಿನವರು ಆಯಿಲ್ ಸೀಲ್ ಮುಟ್ಟಿಯೇ ಇರಲಿಲ್ಲ. ಓ ರಿಂಗು ಅನ್ನೋ ಸಣ್ಣ ರಬ್ಬರ್ ಬಳೆಗಳಿಗೆ ಸಿಲಿಕಾನ್ ಗ್ರೀಸ್ ಸವರಿದರು. ಆಯಿಲ್ ಹಾಕಿ, ಐದು ನಿಮಿಷ ಓಡಿಸಿ, ಅದನ್ನು ಪೂರ್ತಿ ತೆಗೆದು ಮತ್ತೆ ಹೊಸ ಆಯಿಲ್ ಹಾಕಿದರು, ಹಳೇ ಲೋಳೆ ಒಂದು ಚೂರೂ ಉಳಿಯಬಾರದು ಅಂತ. ಆಮೇಲೆ ಗನ್ನಿಗೂ ಪೈಪಿಗೂ ಮಧ್ಯೆ ಪ್ರೆಶರ್ ಗೇಜ್ ಸಿಕ್ಕಿಸಿದರು. ಬಿಚ್ಚುವ ಮೊದಲು ಮುಳ್ಳು 60, 70ರ ನಡುವೆ ಕುಣಿಯುತ್ತಿತ್ತು. ಈಗ 105ರ ಹತ್ತಿರ ಹೋಗಿ ಅಲುಗಾಡದೆ ನಿಂತಿತು. ಸ್ಟಿಕ್ಕರಿನಲ್ಲಿ 130 ಇದೆಯಲ್ಲ ಅಂದೆ. ಅದು ಗರಿಷ್ಠ, ಕೆಲಸ ಮಾಡುವಾಗ ಇಷ್ಟೇ ಬರುವುದು, ನೂರು ದಾಟಿದರೆ ಸಾಕು ಅಂದರು. ಟ್ರಿಗರ್ ಬಿಟ್ಟೆ. ಮೋಟಾರ್ ಟಕ್ ಅಂತ ನಿಂತಿತು. ಆ ನಿಶ್ಶಬ್ದ ಕೇಳಿ ನನಗಾದ ಖುಷಿ ಹೇಳತೀರದು.

ಬಿಲ್ ಅನ್ನು ಯಾರದೋ ಲಗ್ನಪತ್ರಿಕೆಯ ಹಿಂಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಟ್ಟರು. ಪ್ಲಂಜರ್ ಒಂದಕ್ಕೆ 650, ಸೀಲುಗಳ ಕಿಟ್ 900, ವಾಲ್ವುಗಳಿಗೆ 300, ಸ್ವಿಚ್ಚು 90, ಆಯಿಲ್ 80, ಬಸ್ಸಿನ ಪಾರ್ಸೆಲ್ 60, ಕೂಲಿ 700. ಒಟ್ಟು 2,780. ಮೂವತ್ತು ಬಿಟ್ಟು 2,750 ತೆಗೆದುಕೊಂಡರು. ಜಾಲರಿಗೆ ದುಡ್ಡು ಹಾಕಲಿಲ್ಲ. ಫೋನ್‌ಪೇ ನಡೆಯುತ್ತದೆ. ವಾರಂಟಿ ಬಾಯಿಮಾತಿನದು: "ಆರು ತಿಂಗಳೊಳಗೆ ಏನಾರ ಆದ್ರೆ ತಕ್ಕಂಬನ್ನಿ, ನಾನಿರ್ತೀನಿ." ಕಾಗದದ ವಾರಂಟಿ ಬೇಕು ಅನ್ನುವವರಿಗೆ ಈ ಅಂಗಡಿ ಹೇಳಿಮಾಡಿಸಿದ್ದಲ್ಲ.

ಈಗ ಲೆಕ್ಕ. ಮೆಷಿನ್ 4,000, ಮೈಸೂರಿನ ದಂಡ 1,200, ಇಲ್ಲಿ 2,750. ಒಟ್ಟು 7,950. ಹೊಸದಕ್ಕೆ 11,000. ಉಳಿದಿದ್ದು 3,050, ಅದರಲ್ಲಿ ಮೈಸೂರಿಗೆ ಮೂರು ಸಲ ಹೋದ ಪೆಟ್ರೋಲ್ ಕಳೆಯಿರಿ. ಅಂಥ ದೊಡ್ಡ ಲಾಭವೇನಲ್ಲ, ಹೆಂಡತಿ ಅದನ್ನೇ ಹೇಳಿದಳು. ಆದರೂ ನನ್ನ ಮೆಷಿನ್ನಿಗೆ ಈ ಖರ್ಚು ಸರಿ ಅಂತಲೇ ಅನ್ನುತ್ತೇನೆ, ಯಾಕೆಂದರೆ ಇದರದ್ದು ಇಂಡಕ್ಷನ್ ಮೋಟಾರ್. ತೂಕ ಜಾಸ್ತಿ, ಕಾರ್ಬನ್ ಬ್ರಷ್ ಇಲ್ಲ, ಸದ್ದು ಕಮ್ಮಿ, ಮೋಟಾರ್ ಇನ್ನೂ ವರ್ಷಗಟ್ಟಲೆ ಬರುತ್ತದೆ. ಕೈಯಲ್ಲಿ ಎತ್ತಿಕೊಂಡು ಓಡಾಡುವಂಥ, ಮಿಕ್ಸಿ ಥರ ಕಿರುಚುವ, ಬ್ರಷ್ ಮೋಟಾರಿನ ಸಣ್ಣ ಮೆಷಿನ್ ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಮೇಸ್ತ್ರಿ ಕೂಡ ಅಂಥದ್ದನ್ನು ನನ್ನ ಕಣ್ಣೆದುರೇ ಒಬ್ಬರಿಗೆ ವಾಪಸ್ ಕೊಟ್ಟು ಕಳಿಸಿದರು. ಇಡೀ ಪಂಪ್ ಪ್ಲಾಸ್ಟಿಕ್ಕಿನದು, ಬಿಚ್ಚಿದರೆ ಕೂಡುವುದಿಲ್ಲ ಅಂತ.

ನೀರಿನ ದಾರಿಯನ್ನೂ ಸರಿ ಮಾಡಿಕೊಂಡೆ, ಅದು ಆಗದಿದ್ದರೆ ರಿಪೇರಿ ಸುಮ್ನೆ. ಮುಕ್ಕಾಲು ಇಂಚಿನ ಪೈಪು ಹಾಕಿದೆ, ಉದ್ದ ಹದಿನೈದರಿಂದ ಐದು ಮೀಟರಿಗೆ ಇಳಿಸಿದೆ. ಈಗ ಬಕೆಟ್ ಎರಡು ನಿಮಿಷದೊಳಗೆ ತುಂಬುತ್ತದೆ. ಮೋಟಾರ್ ಹಾಕುವ ಮೊದಲು ನಲ್ಲಿ ಬಿಟ್ಟು, ಟ್ರಿಗರ್ ಒತ್ತಿ, ಗಾಳಿ ಎಲ್ಲಾ ಹೋಗಿ ನೀರು ಒಂದೇ ಸಮ ಬರುವ ತನಕ ಕಾಯುತ್ತೇನೆ. ಮುಗಿದ ಮೇಲೆ ಸ್ವಿಚ್ ಆರಿಸಿ, ನಲ್ಲಿ ನಿಲ್ಲಿಸಿ, ಇನ್ನೊಂದು ಸಲ ಟ್ರಿಗರ್ ಒತ್ತಿ ಒಳಗಿನ ಒತ್ತಡ ಬಿಡುತ್ತೇನೆ. 1,800 ವ್ಯಾಟ್ ಅಂದರೆ ಸುಮಾರು ಎಂಟು ಆಂಪಿಯರ್, ಹಾಗಾಗಿ 16 ಆಂಪಿಯರ್ ಸಾಕೆಟ್ಟಿಗೇ ಹಾಕುವುದು. ಮೊದಲು ಗಣೇಶನ ಪೆಂಡಾಲಿನ ಸಣ್ಣ ಎಕ್ಸ್‌ಟೆನ್ಷನ್ ವೈರ್ ಬಳಸುತ್ತಿದ್ದೆ, ಸುತ್ತಿಟ್ಟ ಹಾಗೇ. ಒಂದು ದಿನ ಅದನ್ನು ಮುಟ್ಟಿದರೆ ಬಿಸಿ ಬಿಸಿ.

ಮೇಸ್ತ್ರಿ ಹೇಳಿದ ಇನ್ನೊಂದು ಮಾತನ್ನು ಮನೆಯಲ್ಲಿ ಮಕ್ಕಳಿರುವವರಿಗಾಗಿ ಬರೆಯುತ್ತಿದ್ದೇನೆ. ಈ ನೀರಿಗೆ ಕೈ ಅಡ್ಡ ಹಿಡಿಯಬಾರದು. ಹತ್ತಿರದಿಂದ ಬಿದ್ದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಎಷ್ಟು ಹಾಳಾಗಿದೆ ಗೊತ್ತಾಗುವುದಿಲ್ಲ. ನೋವಿಲ್ಲ ಅಂತ ಅರಿಶಿನ ಹಚ್ಚಿ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಟೈರಿನ ಪಕ್ಕೆಗೂ ತೀರಾ ಹತ್ತಿರ ಹಿಡಿಯಬೇಡಿ.

ನಾಲ್ಕು ತಿಂಗಳಾಯಿತು. ವಾರಕ್ಕೆ ಎರಡು ಸಲ ಓಡುತ್ತಿದೆ. ಕೆಳಗೆ ಒಂದು ಹನಿ ಇಲ್ಲ, ಗಾಜಿನಲ್ಲಿ ಆಯಿಲ್ ತಿಳಿಯಾಗಿದೆ. ಕೊಟ್ಟಿಗೆ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಹಸುಗಳನ್ನು ಮೊದಲು ಹೊರಗೆ ಕಟ್ಟಬೇಕು, ಮೊದಲ ದಿನ ಸದ್ದಿಗೆ ಬೆದರಿ ಒಂದು ಹಗ್ಗ ಕಿತ್ತುಕೊಂಡು ಬೀದಿಗೆ ಓಡಿತ್ತು. ಹೆಚ್ಚಿದ ಒತ್ತಡದ ಮಹಿಮೆಯಿಂದ ವರಾಂಡದ ರೆಡ್ ಆಕ್ಸೈಡ್ ನೆಲದಲ್ಲಿ ಒಂದು ಗೇಣು ಬಣ್ಣ ಎದ್ದುಹೋಗಿದೆ. ಅಜ್ಜನ ಕಾಲದ ನೆಲ. ಅವ್ವ ಅದರ ಮೇಲೆ ಚಾಪೆ ಹಾಕಿದ್ದಾಳೆ, ನನ್ನನ್ನು ನೋಡಿದಾಗಲೆಲ್ಲ ಚಾಪೆಯನ್ನೂ ನೋಡುತ್ತಾಳೆ.

ಒಂದು ಕೆಲಸ ಮಾತ್ರ ಬಾಕಿ ಇದೆ. ಗನ್ನಿನ ಹಿಡಿಯ ಹತ್ತಿರ ಪೈಪು ಸೇರುವ ಕಡೆ ಸಣ್ಣಗೆ ಜಿನುಗುತ್ತದೆ. ಹತ್ತು ರೂಪಾಯಿಯ ಓ ರಿಂಗು. ಆ ಅಳತೆಯದು ಖಾಲಿಯಾಗಿದೆ, ನಾಳೆ ತರಿಸಿ ಫೋನ್ ಮಾಡ್ತೀನಿ ಅಂದರು ಮೇಸ್ತ್ರಿ. ಆರು ವಾರ ಆಯಿತು.